ಮೂರನೇ ಕೋಣೆಯ ಸುಣ್ಣ

ಹೋದ ಶುಕ್ರವಾರ ಮಧ್ಯಾಹ್ನ ಐನಾಪುರದ ಹತ್ತಿರ ನಾನು ಈಗಿರುವ ಶಾಲೆಯಲ್ಲಿ ಹಾಜರಿ ಪುಸ್ತಕ ತಿರುವುತ್ತ ಕೂತಿದ್ದೆ. ಹಿತ್ತಿಲ ಕಡೆಯಿಂದ ಒಂದು ವಾಸನೆ ಬಂತು. ಸುಣ್ಣದ ಹರಳಿಗೆ ನೀರು ಹೊಯ್ದಾಗ ಕೊತಕೊತ ಕುದಿದು ಏಳುವ, ಮೂಗಿನೊಳಗೆ ಬಿಸಿಯಾಗಿ ಹೋಗಿ ಕೂರುವ ವಾಸನೆ. ಹಬ್ಬದ ವಾಸನೆ ಅಂತ ಎಷ್ಟೋ ಜನ ಅದನ್ನು ಇಷ್ಟಪಡುತ್ತಾರೆ. ನನಗೆ ಮಾತ್ರ ಅದು ಬಡಿದ ಕೂಡಲೇ ಬೆರಳ ತುದಿಗಳು ಉರಿಯತೊಡಗುತ್ತವೆ, ಯಾರ ಜೊತೆಗಾದರೂ ಜಗಳ ತೆಗೆಯಬೇಕು ಅನಿಸುತ್ತದೆ.

ಎದ್ದು ಹೋಗಿ ನೋಡಿದೆ. ಹೊಸದಾಗಿ ಬಂದ ಟೀಚರು, ಇನ್ನೂ ಚಿಕ್ಕ ವಯಸ್ಸು, ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ಕೋಲು ಹಾಕಿ ಸುಣ್ಣ ತಿರುವುತ್ತಿದ್ದಳು. ಹಳೆಯ ಕೋಣೆಗಳನ್ನು ನೋಡಲು ಸೋಮವಾರ ಇಂಜಿನಿಯರ್ ಬರುತ್ತಾರಂತೆ. ಅಷ್ಟರೊಳಗೆ ಗೋಡೆ ಬೆಳ್ಳಗಾಗಲಿ ಅಂತ ಊರಿನವರೇ ಸುಣ್ಣ ಕಳಿಸಿದ್ದರಂತೆ. ಕೋಲು ನಿಲ್ಲಿಸು ಅಂದೆ. ಹೇಳಬೇಕಾದದ್ದು ದೊಡ್ಡದಿತ್ತು, ಮತ್ತು ಅದು ಶುರುವಾಗುವುದು ಬೇರೊಂದು ಊರಿನಲ್ಲಿ.

ಆ ಊರು ರಾಯಬಾಗ ತಾಲೂಕಿನದು. ದಿಗ್ಗೇವಾಡಿ ದಾಟಿ ಕೃಷ್ಣೆಯ ದಂಡೆ ಹಿಡಿದು ಹೋದರೆ ಸಿಗುತ್ತದೆ. ಹೆಸರು ಬರೆಯುವುದಿಲ್ಲ. ಬರೆದರೆ ಊರಿನವರು ನನ್ನ ಮೇಲೆ ಮತ್ತೆ ಮುನಿಸಿಕೊಳ್ಳುತ್ತಾರೆ, ಮೊದಲಿನ ಮುನಿಸು ಇಳಿಯುವುದಕ್ಕೇ ಒಂದು ವರ್ಷ ಹಿಡಿದಿತ್ತು. ಅಲ್ಲಿಗೆ ನಾನು ಮುಖ್ಯ ಶಿಕ್ಷಕಿಯಾಗಿ, ಊರಿನವರ ಮಾತಿನಲ್ಲಿ ಬಾಯಾರಾಗಿ, ಹೋದಾಗ ಶಾಲೆಗೆ ನಾಲ್ಕು ಕೋಣೆಗಳಿದ್ದವು. ಅದರಲ್ಲಿ ಮೂರನೆಯದು ಎಲ್ಲಕ್ಕಿಂತ ಹಳೆಯದು. ಕರಿಕಲ್ಲಿನ ಗೋಡೆ, ಕಲ್ಲುಗಳ ನಡುವೆ ಮಣ್ಣಿನ ಗಾರೆ, ಮೇಲೆ ಸಾಗವಾನಿ ತೊಲೆ ಮತ್ತು ಹಂಚು. ಒಂದನೇ ಮತ್ತು ಎರಡನೇ ಇಯತ್ತೆಯ ಮಕ್ಕಳು ಅಲ್ಲಿ ಕೂರುತ್ತಿದ್ದರು.

ಆ ಊರಿಗೆ ತನ್ನ ಶಾಲೆಯೆಂದರೆ ಪ್ರಾಣ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ, ತಂಟೆಯೆಲ್ಲ ಬಂದದ್ದೇ ಅದರಿಂದ. ಸಾಹೇಬರು ಬರುತ್ತಾರೆ ಅಂತ ಸುದ್ದಿ ಬಂದರೆ ಸಾಕು, ಊರು ಮದುವೆಯ ಮನೆಯಾಗುತ್ತಿತ್ತು. ಒಬ್ಬರ ಮನೆಯಿಂದ ಸುಣ್ಣ, ಇನ್ನೊಬ್ಬರ ಮನೆಯಿಂದ ಮಾವಿನ ತೋರಣ, ಹೆಣ್ಣುಮಕ್ಕಳಿಂದ ಅಂಗಳದ ಸಾರಣೆ, ರಂಗೋಲಿ. ಬಿರುಕು ಬಿಟ್ಟಲ್ಲಿ ಸಿಮೆಂಟ್ ಮೆತ್ತುತ್ತಿದ್ದರು. ಹಂಚು ಒಡೆದಲ್ಲಿ ಯಾರೋ ತಮ್ಮ ದನದ ಕೊಟ್ಟಿಗೆಯ ಹಂಚು ತೆಗೆದು ತಂದು ಹಾಕುತ್ತಿದ್ದರು. ಸಾಹೇಬರು ಬಂದು, ತೆಂಗಿನಕಾಯಿ ಶಾಲು ಪಡೆದು, ಖುಷಿಯಿಂದ ವರದಿ ಬರೆದು ಹೋಗುತ್ತಿದ್ದರು.

ಈ ಎಲ್ಲದರ ಮುಂದಾಳು ಜಿನ್ನಪ್ಪಣ್ಣ. ಊರೆಲ್ಲ ಅವರನ್ನು ಅಣ್ಣಾರು ಅನ್ನುತ್ತಿತ್ತು. ಶಾಲೆಯ ಸಮಿತಿಗೆ ಅವರೇ ಅಧ್ಯಕ್ಷರು. ಅರಿಷಿಣ, ಕಬ್ಬು ಬೆಳೆಯುವ ಜೈನರ ಮನೆತನ, ಸಂಜೆ ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವ ಶಿಸ್ತಿನ ಮನುಷ್ಯ. ಮೂರನೇ ಕೋಣೆಯನ್ನು ಅವರ ಮುತ್ಯಾ, ಅಂದರೆ ಅಜ್ಜ, ಸ್ವಂತ ಬಂಡಿಯಲ್ಲಿ ಕಲ್ಲು ಹೇರಿಸಿ ಕಟ್ಟಿಸಿಕೊಟ್ಟಿದ್ದರು. ಬಾಗಿಲ ಮೇಲೆ ಆ ಮುತ್ಯಾರ ಹೆಸರು ಕೆತ್ತಿದ ಕಲ್ಲಿತ್ತು. ಆ ಕಲ್ಲನ್ನು ಅಣ್ಣಾರು ದೀಪಾವಳಿಗೊಮ್ಮೆ ತಾವೇ ತೊಳೆಯುತ್ತಿದ್ದರು.

ಆ ಊರಿಗೆ ಹೋದ ಮೊದಲ ವರ್ಷ ಬಂದ ತಪಾಸಣೆಗೆ ನಾನೂ ಸೆರಗು ಕಟ್ಟಿ ರಂಗೋಲಿ ಹಾಕಿದ್ದೆ. ಸಾಹೇಬರ ವರದಿಯ ಕೆಳಗೆ ನನ್ನ ಸಹಿಯೂ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಊರನ್ನೆಲ್ಲ ಬೈಯುವವಳಿದ್ದೇನೆ.

ಕಣ್ಣು ತೆರೆಸಿದ್ದು ಎರಡನೇ ವರ್ಷದ ಜೂನ್. ನಮ್ಮ ಕಡೆ ಮಳೆ ಹನಿಯದಿದ್ದರೂ ಮೇಲೆ ಮಹಾರಾಷ್ಟ್ರದಲ್ಲಿ ಸುರಿದರೆ ಹೊಳೆ ತುಂಬಿ ಬರುತ್ತದೆ. ಕೆಲವು ವರ್ಷಗಳ ಹಿಂದಿನ ಮಹಾಪೂರದಲ್ಲಿ ಮೂರನೇ ಕೋಣೆಯೊಳಗೆ ಎದೆಮಟ್ಟ ನೀರು ನಿಂತಿತ್ತಂತೆ. ಆಗ ಕಲ್ಲುಗಳ ನಡುವಿನ ಮಣ್ಣು ಕರಗಿ ಹೋಗಿತ್ತು. ಆಮೇಲೆ ಎರಡು ಗೋಡೆ ಕೂಡುವ ಮೂಲೆ ಒಂದಿಷ್ಟೊಂದಿಷ್ಟೇ ಬಾಯಿ ಬಿಡುತ್ತ ಬಂದಿತ್ತು. ಆ ಜೂನ್ ತಿಂಗಳಲ್ಲಿ ಹೋದ ಸಲದ ಸಿಮೆಂಟೆಲ್ಲ ಉದುರಿ, ಬಿರುಕಿನಿಂದ ಆಚೆ ಹೊಲದ ಕಬ್ಬು ಕಾಣತೊಡಗಿತು. ಮಕ್ಕಳಿಗೆ ಅದೊಂದು ಆಟ. ಒಳಗಿದ್ದವರು ಪೆನ್ಸಿಲ್ ತೂರಿಸಿದರೆ ಹೊರಗಿದ್ದವರು ಎಳೆದುಕೊಳ್ಳುತ್ತಿದ್ದರು.

ಒಂದು ದಿನ ಎರಡನೇ ಇಯತ್ತೆಯ ರೇಣುಕಾ ಪಾಟಿ ತಂದು ತೋರಿಸಿದಳು. ಬಿಸಿಯೂಟ ಮಾಡುವ ಮಾಯವ್ವನ ಮೊಮ್ಮಗಳು ಅವಳು. ಲೆಕ್ಕ ಬರೆದಿದ್ದಾಳೆ, ಆದರೆ ಅಂಕಿಗಳ ಮೇಲೆ ಕೆಂಪು ಹಿಟ್ಟು ಬಿದ್ದಿದೆ. ನಾನು ಒರೆಸಿ ಕೊಟ್ಟೆ. ಐದು ನಿಮಿಷಕ್ಕೆ ಮತ್ತೆ ತಂದಳು, ಮತ್ತೆ ಹಿಟ್ಟು. ತಲೆ ಎತ್ತಿ ನೋಡಿದೆ. ತೊಲೆಯ ತುಂಬ ಗೆದ್ದಲು ಹಾದಿ ಮಾಡಿಕೊಂಡಿತ್ತು. ಇಪ್ಪತ್ತೆಂಟು ಮಕ್ಕಳು ಅದರ ಕೆಳಗೆ ಕೂತು ಮಗ್ಗಿ ಹೇಳುತ್ತಿದ್ದರು.

ಮರುದಿನವೇ ತಾಲೂಕಿನ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಕೆಟ್ಟವರಲ್ಲ, ಕಡತ ತೆಗೆದು ನನ್ನ ಮುಂದೆಯೇ ಇಟ್ಟರು. ಒಂದರ ಹಿಂದೆ ಒಂದು ವರದಿ. ಎಲ್ಲದರಲ್ಲೂ ಒಂದೇ ಸಾಲು: ಕಟ್ಟಡ ಸುಸ್ಥಿತಿಯಲ್ಲಿದೆ, ಸುಣ್ಣಬಣ್ಣ ಮಾಡಿ ಅಚ್ಚುಕಟ್ಟಾಗಿ ಇಡಲಾಗಿದೆ. ಕೊನೆಯ ಹಾಳೆಯಲ್ಲಿ ನನ್ನದೇ ಸಹಿ. ಹಳೆಯ ಶಾಲೆಗಳಿಗೆ ಸರ್ಕಾರದಿಂದ ಹಣ ಬಂದಾಗಲೆಲ್ಲ ಈ ಶಾಲೆಯ ಹೆಸರನ್ನು ಪಟ್ಟಿಯ ತಳಕ್ಕೆ ತಳ್ಳಿದ್ದು ಯಾವ ವೈರಿಯೂ ಅಲ್ಲ, ನಮ್ಮ ಊರಿನ ಸುಣ್ಣವೇ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ನನ್ನ ಮೇಲೇ ನನಗೆ ಸಿಟ್ಟು ಬಂತು.

ಅರ್ಜಿ ಬರೆದೆ, ಮತ್ತೆ ಬರೆದೆ. ಜುಲೈ ಕೊನೆಗೆ ಕಾಗದ ಬಂತು. ಮುಂದಿನ ಸೋಮವಾರ ಇಂಜಿನಿಯರ್ ಬಂದು ಕೋಣೆ ನೋಡುತ್ತಾರೆ, ನೋಡಿ ದುರಸ್ತಿಗೆ ಬರೆಯಬೇಕೋ ಕೆಡವಿ ಹೊಸದಾಗಿ ಕಟ್ಟಲು ಬರೆಯಬೇಕೋ ನಿರ್ಧರಿಸುತ್ತಾರೆ. ದುರಸ್ತಿ ಅಂದರೆ ಇನ್ನೊಂದು ಸಲ ಹಂಚು, ಇನ್ನೊಂದು ಸಲ ಗಿಲಾವು, ಇನ್ನೊಂದು ಸಲ ಬಣ್ಣ. ಆಮೇಲೆ ಎಷ್ಟೋ ವರ್ಷ ಯಾರೂ ಇತ್ತ ತಲೆ ಹಾಕುವುದಿಲ್ಲ, ಹಣ ಕೊಟ್ಟಾಗಿದೆ ಅನ್ನುತ್ತಾರೆ. ಮಕ್ಕಳು ಅದೇ ತೊಲೆಯ ಕೆಳಗೆ. ಆ ಒಂದು ಸೋಮವಾರದ ಮೇಲೆ ಎಲ್ಲವೂ ನಿಂತಿತ್ತು.

ಸಮಿತಿ ಸೇರಿಸಿ ಹೇಳಿದೆ, ಈ ಸಲ ಸುಣ್ಣ ಇಲ್ಲ, ತೋರಣ ಇಲ್ಲ, ಇದ್ದದ್ದು ಇದ್ದ ಹಾಗೆ ತೋರಿಸೋಣ. ಎಲ್ಲರೂ ಜಿನ್ನಪ್ಪಣ್ಣನವರ ಮುಖ ನೋಡಿದರು. ಅವರು ಟೋಪಿ ಸರಿಮಾಡಿಕೊಂಡು ನಿಧಾನಕ್ಕೆ ಕೇಳಿದರು.

"ಬಾಯಾರ, ಮನಿಗೆ ಬೀಗರು ಬರ್ತಾರಂದ್ರ ಹರಕ ಕೌದಿ ಹಾಸ್ತಾರೇನ್ರಿ?"

"ಡಾಕ್ಟರ ಕಡೆ ಹೋಗಾಗ ಹುಣ್ಣಿಗೆ ಪೌಡರ ಬಡಕೊಂಡು ಹೋಗ್ತಾರೇನ್ರಿ ಅಣ್ಣಾರ?"

ನನ್ನ ಬಾಯಿ ಹೀಗೆ, ತಡೆಯುವುದು ಗೊತ್ತಿಲ್ಲ. ಹಿಂದೆ ಕೂತಿದ್ದ ಇಬ್ಬರು ನಕ್ಕರು, ಅದು ಅಣ್ಣಾರಿಗೆ ಇನ್ನಷ್ಟು ನಾಟಿತು. ಊರಿನ ಮಾನ ಅಂತ ಒಂದಿರುತ್ತದೆ, ಹೊರಗಿನವರಿಗೆ ಅದು ತಿಳಿಯುವುದಿಲ್ಲ ಅಂತ ಹೇಳಿ ಎದ್ದು ಹೋದರು. ಹೊರಗಿನವರು ಅಂದದ್ದು ನನಗೆ. ನಾನು ನಿಪ್ಪಾಣಿಯವಳು, ಬಸ್ಸಿನಲ್ಲಿ ಹೆಚ್ಚೆಂದರೆ ಎರಡು ತಾಸು.

ಭಾನುವಾರ ಅಮ್ಮನನ್ನು ನೋಡಲು ನಿಪ್ಪಾಣಿಗೆ ಹೋದೆ. ಅಮ್ಮ ಜೀವನವೆಲ್ಲ ಬೀಡಿ ಕಟ್ಟಿದವಳು. ಜಗಳದ ಕಥೆಯನ್ನೆಲ್ಲ ಕೇಳಿ ತನ್ನ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅವಳು ಹೇಳಿದ್ದಿಷ್ಟೇ. ಕಾರ್ಖಾನೆಗೆ ಬೀಡಿ ಒಯ್ಯುವಾಗ ಉಳಿದ ಹೆಂಗಸರು ಅನುಮಾನದ ಬೀಡಿಗಳನ್ನು ಬುಟ್ಟಿಯ ತಳಕ್ಕೆ ಇಡುತ್ತಿದ್ದರು. ತಳದಲ್ಲಿ ಸಿಕ್ಕರೆ ತಪಾಸಣೆಯವನು ಬುಟ್ಟಿಯನ್ನೇ ಚೆಲ್ಲುತ್ತಿದ್ದ. ಅವಳು ಮಾತ್ರ ಅವನ್ನು ಮೇಲೆಯೇ ಇಡುತ್ತಿದ್ದಳು. ಜಗಳ ಆ ನಾಲ್ಕು ಬೀಡಿಯದಷ್ಟೇ ಆಗುತ್ತಿತ್ತು, ಮತ್ತು ಜಗಳವನ್ನು ಅವಳು ಬಾಗಿಲಲ್ಲೇ ಮುಗಿಸಿ ಬರುತ್ತಿದ್ದಳು. ನನ್ನ ಬಾಯಿ ಎಲ್ಲಿಂದ ಬಂತು ಅಂತ ಈಗ ನಿಮಗೂ ತಿಳಿದಿರಬೇಕು.

ಸೋಮವಾರ ಮುಂಜಾನೆ ಮೊದಲ ಬಸ್ಸಿಗೆ ಬಂದಿಳಿದಾಗ ಶಾಲೆಯ ಹಾದಿಯಲ್ಲೇ ಆ ವಾಸನೆ ಬಂತು. ಓಡಿದೆ ಅಂತಲೇ ಹೇಳಬೇಕು. ಮೂರನೇ ಕೋಣೆ ಮದುವೆಯ ಹೆಣ್ಣಿನ ಹಾಗೆ ನಿಂತಿತ್ತು, ಒಳಗೆ ಹೊರಗೆ ಎರಡು ಕೈ ಸುಣ್ಣ. ಮೂಲೆಯ ಬಿರುಕು ಇತ್ತೆಂದರೆ ಯಾರೂ ನಂಬುವಂತಿರಲಿಲ್ಲ. ತೊಲೆಗೆ ಎಣ್ಣೆ ಒರೆಸಿದ್ದರು, ಬಾಗಿಲಿಗೆ ತೋರಣ ಕಟ್ಟಿದ್ದರು. ನಾನು ಊರಲ್ಲಿಲ್ಲದ ಒಂದೇ ದಿನದಲ್ಲಿ ಅಣ್ಣಾರು ಹತ್ತು ಆಳು ಹಚ್ಚಿ ಮುಗಿಸಿದ್ದರು.

ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಸುಳ್ಳು ಯಾಕೆ ಹೇಳಲಿ, ಸಿಟ್ಟಿಗೂ ಅಳು ಬರುತ್ತದೆ. ಮಾಯವ್ವ ಒಲೆ ಹೊತ್ತಿಸುತ್ತಿದ್ದವಳು ಬಂದು ಎದುರಿಗೆ ನಿಂತಳು. ಅವರದು ಕುರಿ ಕಾಯುವ ಮನೆ, ಮಾತು ಕಡಿಮೆ. ಅಂಗಳ ಸಾರಿಸಿದ್ದು ತಾನೇ ಅಂತ ಒಪ್ಪಿಕೊಂಡಳು. ಇಂಜಿನಿಯರ್ ಎಷ್ಟು ಗಂಟೆಗೆ ಬರುತ್ತಾರೆ ಅಂತ ಕೇಳಿದಳು. ಹನ್ನೊಂದಕ್ಕೆ ಅಂದೆ. ಅವಳು ಒಳಗೆ ಹೋಗಿ, ಕೈತೋಟದಲ್ಲಿ ಕಳೆ ತೆಗೆಯುವ ಖುರ್ಪಿ ತಂದು ನನ್ನ ಕೈಗೆ ಕೊಟ್ಟಳು. ತಾನು ಅನ್ನದ ದೊಡ್ಡ ಕಬ್ಬಿಣದ ಸೌಟು ಹಿಡಿದಳು.

ಇಬ್ಬರೂ ಕೆರೆಯತೊಡಗಿದೆವು. ಸುಣ್ಣ ಇನ್ನೂ ಹಸಿಯಿತ್ತು, ಸಿಮೆಂಟೂ ಪೂರ್ತಿ ಬಿಗಿದಿರಲಿಲ್ಲ. ಬೆರಳ ಸಂದಿಯೆಲ್ಲ ಉರಿಯಿತು, ಕಣ್ಣಲ್ಲಿ ನೀರು, ಸೀರೆಯೆಲ್ಲ ಬಿಳಿ. ಪ್ರಾರ್ಥನೆಗೆ ಬಂದ ಮಕ್ಕಳು ಸಾಲಾಗಿ ನಿಂತು, ತಮ್ಮ ಬಾಯಾರಿಗೆ ಏನಾಗಿದೆ ಅಂತ ನೋಡುತ್ತಿದ್ದರು. ಮೂಲೆಯ ಅರ್ಧದಷ್ಟು ತೆರೆದಿತ್ತು, ಅಷ್ಟರಲ್ಲಿ ಜೀಪು ಬಂತು. ಹೇಳಿದ ಹೊತ್ತಿಗೆ ಯಾವತ್ತೂ ಬಾರದ ಸರ್ಕಾರಿ ಜೀಪು ಆ ದಿನ ಅರ್ಧ ತಾಸು ಮೊದಲೇ ಬಂತು. ಹಿಂದೆಯೇ ಜಿನ್ನಪ್ಪಣ್ಣ, ಇಸ್ತ್ರಿ ಮಾಡಿದ ಅಂಗಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಶಾಲು, ಹಾರ. ನನ್ನ ಅವತಾರ ನೋಡಿ ಅವರ ಮುಖ ಕಪ್ಪಿಟ್ಟಿತು.

ಇಂಜಿನಿಯರ್ ಮೃದು ಮನುಷ್ಯ. ಸುತ್ತ ನೋಡಿದರು, ಗೋಡೆ ತಟ್ಟಿದರು, ಬಿರುಕಿನ ತೆರೆದ ಭಾಗವನ್ನೂ ನೋಡಿದರು. ಹೊರಗಿನ ಪದರವಷ್ಟೇ ಸೀಳಿದೆ, ದುರಸ್ತಿಯಲ್ಲಿ ಮುಗಿಯುತ್ತದೆ ಅಂದರು. ನಾನು ಆಗುವುದಿಲ್ಲ ಅಂದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು ತಿಳಿಹೇಳಿದರು.

"ಬಾಯಾರ, ದುರಸ್ತಿ ಅಂತ ಬರದ್ರ ಕೆಲಸ ಲಗೂನ ಆಕ್ಕೈತಿ. ಕೆಡವಿ ಕಟ್ಟೂದಂದ್ರ ಕಾಗದ ಮ್ಯಾಲಿಂದ ಮ್ಯಾಲ ಓಡ್ಯಾಡಬೇಕು, ಯಾವಾಗ ಆದೀತೋ. ಸಿಕ್ಕದ್ದು ತಗೋರಿ. ಇಲ್ಲೊಂದು ಸಹಿ ಮಾಡ್ರಿ."

ಸಿಕ್ಕದ್ದು ತಗೋರಿ. ಆ ಮಾತು ನನ್ನ ನೆತ್ತಿಗೇರಿತು. ಮಕ್ಕಳ ತಲೆಯ ಮೇಲೊಂದು ಗಟ್ಟಿ ಸೂರು ಹಾಕುವ ಹಣ ಯಾರ ಮನೆಯ ದಾನ? ಕೊಡುವವರು ಬರುತ್ತಾರೆ ಅಂತ ನಾವು ಸುಣ್ಣ ಬಳಿದು, ಶಾಲು ಹಿಡಿದು, ಕೈಮುಗಿದು ನಿಲ್ಲುತ್ತೇವೆ. ಅದಕ್ಕೇ ಅವರೂ ಸಿಕ್ಕದ್ದು ತಗೋರಿ ಅನ್ನುತ್ತಾರೆ.

"ಸಹಿ ಮಾಡ್ತೇನ್ರಿ ಸಾಹೇಬ್ರ. ಆದ್ರ ನೀವು ಆ ವರದಿ ಇಲ್ಲೇ ಕುಂತು ಬರೀರಿ, ಈ ಕೋಣ್ಯಾಗ."

ಕುರ್ಚಿ ತರಿಸಿ ತೊಲೆಯ ನೇರ ಕೆಳಗೆ ಇರಿಸಿದೆ. ಅವರು ಕೂತರು. ಕಾಗದ ತೊಡೆಯ ಮೇಲಿಟ್ಟು ಪೆನ್ನು ತೆಗೆದರು. ಎಣ್ಣೆ ಒರೆಸಿದ ತೊಲೆಯಿಂದ ಕೆಂಪು ಹಿಟ್ಟು ಸದ್ದಿಲ್ಲದೆ ಕಾಗದದ ಮೇಲೆ ಬಿತ್ತು. ಊದಿದರು. ಮತ್ತೆ ಬಿತ್ತು. ತಲೆ ಎತ್ತಿ ನೋಡಿ, ಕುರ್ಚಿ ಹಿಡಿದುಕೊಂಡೇ ಎದ್ದರು. ಹೊರಗೆ ಬೇವಿನ ಗಿಡದ ಕೆಳಗೆ ಕೂರೋಣ, ಗಾಳಿ ಚೆನ್ನಾಗಿದೆ ಅಂದರು.

"ಹೊರಗ ಯಾಕ ಹೊಂಟ್ರಿ, ಅದನ್ನಷ್ಟ ಬರೀರಿ ಸಾಕು," ಅಂದೆ.

ಆಗ ಜಿನ್ನಪ್ಪಣ್ಣ ಶಾಲನ್ನು ಬಾಗಿಲ ಹತ್ತಿರ ಇಟ್ಟು, ಕೋಣೆಯೊಳಗೆ ಹೋಗಿ, ಆ ತೊಲೆಯ ಕೆಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ತಮ್ಮ ಮುತ್ಯಾ ಕಟ್ಟಿಸಿದ ಗೋಡೆ ಇದು, ಯಾರೂ ಕೂರದಿದ್ದರೆ ತಾವು ಕೂರುತ್ತೇವೆ ಅಂದರು. ನನಗೆ ಅವರ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಮರುಕವೂ ಆಯಿತು. ಉತ್ತರ ಕೊಟ್ಟವಳು ಮಾಯವ್ವ, ಸೌಟು ಹಿಡಿದುಕೊಂಡೇ.

"ಅಣ್ಣಾರ, ಗ್ವಾಡಿ ನಿಮ್ಮ ಮುತ್ಯಾ ಕಟ್ಟಿಸ್ಯಾರ, ಖರೆ ಐತಿ. ಅದರ ಬುಡಕ ದಿನಾ ಕುಂದ್ರಾವು ನಮ್ಮ ಹುಡುಗ್ರು."

ಅಣ್ಣಾರ ಮೊಮ್ಮಗಳು ದಿನಾ ಮುಂಜಾನೆ ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಶಾಲೆಗೆ ಹೋಗುವುದನ್ನು ಊರೆಲ್ಲ ನೋಡಿತ್ತು. ಅಣ್ಣಾರು ಮೊಣಕಾಲಿಗೆ ಕೈ ಊರಿ ಎದ್ದು, ತಮ್ಮ ಕೈಕೋಲು ತೆಗೆದುಕೊಂಡು ಮೂಲೆಗೆ ಹೋದರು. ನಾವು ಇನ್ನೂ ಕೆರೆಯದೆ ಉಳಿದ ಕಡೆ, ಗೋಡೆ ಎಲ್ಲಕ್ಕಿಂತ ನುಣುಪಾಗಿದ್ದ ಜಾಗದಲ್ಲಿ, ಕೋಲಿನ ತುದಿಯಿಟ್ಟು ಒತ್ತಿದರು.

"ಇಲ್ಲೆ ಐತ್ರಿ ಸಾಹೇಬ್ರ. ನಿನ್ನಿ ನಾನ ನಿಂತು ಮುಚ್ಚಿಸೇನಿ."

ಹಸಿ ಸಿಮೆಂಟು ಕಳಚಿ ಬಿತ್ತು. ಕೋಲು ಒಳಗೆ ಹೋಯಿತು, ಮೊಳದಷ್ಟು, ಇನ್ನೂ ಹೋಯಿತು. ಆಚೆ ಹೊಲದ ಬದುವಿನಲ್ಲಿ ನಿಂತಿದ್ದ ರೇಣುಕಾಗೆ ಇದು ದಿನದ ಆಟ. ಪೆನ್ಸಿಲ್ ಎಳೆದುಕೊಂಡ ಹಾಗೆ ಕೋಲು ಹಿಡಿದು ಎಳೆದಳು. ಊರಿನ ಹಿರಿಯರ ಕೈಕೋಲು ನಮ್ಮ ಕಣ್ಣೆದುರಿಗೇ ಗೋಡೆಯೊಳಗೆ ಮಾಯವಾಗಿ ಆ ಬದಿಗೆ ಹೋಯಿತು. ಇಂಜಿನಿಯರ್ ಪೆನ್ನು ತೆಗೆದು, ನಿಂತಲ್ಲೇ, ಕೆಡವಿ ಮರುನಿರ್ಮಾಣ ಅಂತ ಬರೆದರು. ನಾನು ಸುಣ್ಣದ ಕೈಯಿಂದಲೇ ಸಹಿ ಮಾಡಿದೆ.

ಅಲ್ಲಿಗೆ ಎಲ್ಲ ಸುಖವಾಯಿತು ಅಂದುಕೊಳ್ಳಬೇಡಿ. ಎರಡು ವಾರಕ್ಕೆ ನನಗೆ ನೋಟಿಸು ಬಂತು. ಹೊಸದಾಗಿ ಸುಣ್ಣ ಬಳಿದ ಸರ್ಕಾರಿ ಕಟ್ಟಡದ ಗೋಡೆಯನ್ನು ಮಕ್ಕಳ ಎದುರಿಗೆ ಕೆರೆದು ವಿರೂಪಗೊಳಿಸಿದ್ದೇಕೆ, ಏಳು ದಿನದೊಳಗೆ ಉತ್ತರಿಸಬೇಕು. ಯಾರು ದೂರು ಕೊಟ್ಟರೋ ನಾನು ಕೇಳಲಿಲ್ಲ. ಮೂರು ಸಾಲು ಬರೆದೆ. ಕೆರೆದದ್ದು ನಾನೇ. ಒಳಗೆ ಇದ್ದದ್ದರ ಫೋಟೋ ಲಗತ್ತಿಸಿದ್ದೇನೆ. ಮುಂದೆಯೂ ಹೀಗೆ ಮುಚ್ಚಿದರೆ ಹೀಗೇ ಕೆರೆಯುತ್ತೇನೆ. ಮೂರನೆಯ ಸಾಲು ತೆಗೆಯಿರಿ ಅಂತ ಗುಮಾಸ್ತರು ಫೋನಿನಲ್ಲಿ ಕೇಳಿಕೊಂಡರು, ನನ್ನ ಒಳ್ಳೆಯದಕ್ಕೇ. ತೆಗೆಯಲಿಲ್ಲ.

ಕಾಗದ ನಿಜಕ್ಕೂ ಮೇಲಿಂದ ಮೇಲೆ ಓಡಾಡಿತು. ಬರೆದ ದಿನದಿಂದ ಆ ಕೋಣೆಗೆ ಬೀಗ ಹಾಕಿದ್ದೆ, ಮಕ್ಕಳಿಗೆ ಜಾಗವಿರಲಿಲ್ಲ. ಜಿನ್ನಪ್ಪಣ್ಣ ನನ್ನ ಜೊತೆ ಮಾತು ಬಿಟ್ಟಿದ್ದರು, ಆದರೆ ಒಂದು ಮುಂಜಾನೆ ಮಾಯವ್ವನ ಕೈಯಲ್ಲಿ ತಮ್ಮ ಅರಿಷಿಣದ ಶೆಡ್ಡಿನ ಕೀಲಿ ಕಳಿಸಿದರು. ಸುಗ್ಗಿಯಲ್ಲಿ ಅರಿಷಿಣ ಕುದಿಸಿ ಒಣಗಿಸಿ ಇಡುವ ಜಾಗ ಅದು. ಉಳಿದ ಮಳೆಗಾಲವನ್ನೂ ಚಳಿಗಾಲವನ್ನೂ ನಾವು ಅಲ್ಲಿ ಕಳೆದೆವು. ಮಕ್ಕಳ ಅಂಗಿ, ಪಾಟಿ, ಮೊಣಕಾಲು ಎಲ್ಲ ಹಳದಿ. ಆ ವರ್ಷ ತಿದ್ದಿದ ಉತ್ತರ ಪತ್ರಿಕೆಗಳಿಗೂ ಅರಿಷಿಣದ ವಾಸನೆ ಇತ್ತು.

ಮುಂದಿನ ಮೇ ತಿಂಗಳಲ್ಲಿ ಕೋಣೆ ಕೆಡವಿದರು. ತೊಲೆ ಕೆಳಗೆ ಬಿದ್ದು ಒಡೆದಾಗ ಒಳಗೆ ಮಣ್ಣು ಬಿಟ್ಟರೆ ಮರವೇ ಇರಲಿಲ್ಲ. ಅಣ್ಣಾರು ಒಂದು ತುಂಡು ಎತ್ತಿಕೊಂಡು ಬೆರಳಿಂದ ಪುಡಿ ಮಾಡುತ್ತ ನಿಂತಿದ್ದರು. ಹತ್ತು ತಿಂಗಳ ಮೇಲೆ ನನ್ನ ಜೊತೆ ಮೊದಲ ಮಾತು ಆಗ ಆಡಿದರು. ಮುತ್ಯಾ ಸಾಗವಾನಿಯೇ ಹಾಕಿಸಿದ್ದ, ಕಡಿಮೆಯದಲ್ಲ ಅಂದರು. ಮುತ್ಯಾರು ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮಾಡಿದ್ದರು, ತಪ್ಪಿದ್ದು ನಾವು ಅಂದೆ. ಹೊಸ ಕೋಣೆಯ ಬಾಗಿಲ ಮೇಲೆ ಆ ಹೆಸರಿನ ಕಲ್ಲನ್ನೇ ಕೂರಿಸಿದೆವು. ಹಳದಿ ಬಸ್ಸು ಆಮೇಲೂ ಅವರ ಮನೆಯ ಮುಂದೆ ನಿಲ್ಲುತ್ತಿತ್ತು, ಅದನ್ನು ನನ್ನಿಂದ ತಡೆಯಲಾಗಲಿಲ್ಲ.

ಇಷ್ಟನ್ನೂ ಶುಕ್ರವಾರ ಆ ಹುಡುಗಿ ಟೀಚರಿಗೆ ಡ್ರಮ್ಮಿನ ಪಕ್ಕದಲ್ಲೇ ನಿಂತು ಹೇಳಿದೆ. ಸುಣ್ಣ ಅಷ್ಟರಲ್ಲಿ ಆರಿ ಗಟ್ಟಿಯಾಗುತ್ತ ಬಂದಿತ್ತು. ಅವಳು ಕುಂಚ ಹಿಡಿದುಕೊಂಡು, ಈಗ ಇದನ್ನು ಏನು ಮಾಡೋಣ, ಊರಿನವರು ಏನಂದಾರು, ಸಾಹೇಬರು ಸಿಟ್ಟಾದರೆ ಅಂತ ಒಂದೇ ಉಸಿರಿಗೆ ಕೇಳಿದಳು.

"ಅಂಗಳದಾಗಿನ ಗಿಡಗೋಳಿಗೆ ಹಚ್ಚವಾ, ಗೆದ್ದಲ ಹತ್ತಂಗಿಲ್ಲ. ಗ್ವಾಡಿ ಮಾತ್ರ ಮುಟ್ಟಬ್ಯಾಡ," ಅಂದೆ.

ಒಳಗೆ ಹೋಗಿ ಹಳೆಯ ಕೋಣೆಯ ಬಿರುಕುಗಳ ಸುತ್ತ ಒಂದೊಂದಾಗಿ ಇದ್ದಿಲಿನಿಂದ ಗೆರೆ ಎಳೆದೆ, ದೂರದಿಂದಲೇ ಕಾಣುವ ಹಾಗೆ. ಆ ನೋಟಿಸು ಇನ್ನೂ ನನ್ನ ಟ್ರಂಕಿನಲ್ಲಿದೆ. ಇನ್ನೊಂದು ಬಂದರೆ ಅದಕ್ಕೂ ಜಾಗವಿದೆ.